ರೇಷ್ಮೆಯ ಮೇಲಿನ ಕರಿ ಚುಕ್ಕೆ

"ಇದನ್ನ ನೀನ ಇಟ್ಕೊ. ಚುಕ್ಕಿ ಬಿದ್ದ ನೂಲು ನನ್ನ ಮಗ್ಗಕ್ಕ ಬ್ಯಾಡ."

ನಮ್ಮಪ್ಪ ಅಂದಾನಪ್ಪ ಕೆಂಪು ರೇಷ್ಮೆಯ ಲಡಿಯನ್ನು ಜಲಾಲುದ್ದೀನ ಕಾಕಾನ ಮುಂದೆ ಇಟ್ಟು ಹೀಗೆಂದ ದಿನ ನಾನು ಅಲ್ಲೇ ನಿಂತಿದ್ದೆ. 2007ರ ಮಾತು, ದೀಪಾವಳಿಗೆ ಹದಿನೈದು ದಿನ ಉಳಿದಿತ್ತು. ನಮ್ಮದು ಗುಳೇದಗುಡ್ಡ. ಮನೆಯಲ್ಲೇ ಮಗ್ಗ, ಮಗ್ಗದ ಮೇಲೆ ಕುಪ್ಪಸಕ್ಕೆ ಬಳಸುವ ಖಣ. ನೂಲಿಗೆ ಬಣ್ಣ ಹಾಕಿಕೊಡುವವನು ಜಲಾಲುದ್ದೀನ ಕಾಕಾ. ಅವನಿಗೂ ಅಪ್ಪನಿಗೂ ಮೂವತ್ತು ವರ್ಷದ ಗೆಳೆತನ. ನನ್ನನ್ನು ಇದೇ ಊರಿಗೆ ಕೊಟ್ಟ ಮದುವೆಯಲ್ಲಿ ಊಟಕ್ಕೆ ಬಡಿಸಿದವರಲ್ಲಿ ಅವನೂ ಒಬ್ಬ.

ಕಾಕಾ ಲಡಿಯನ್ನು ಬಿಸಿಲಿಗೆ ಹಿಡಿದು ತಿರುವಿ ತಿರುವಿ ನೋಡಿದ.

"ಎಲ್ಲೈತಿ ಚುಕ್ಕಿ, ಅಣ್ಣಾ? ಬೆರಳು ಮಾಡಿ ತೋರ್ಸು."

"ಇಲ್ಲಿ ನೋಡು. ಇಲ್ಲೊಂದು, ಇಲ್ಲೊಂದು. ನೊಣ ಕುಂತಂಗ ಅದಾವು. ನಿನಗ ಕಾಣವಲ್ದೇನು?"

"ನನಗ ಕಾಣವಲ್ದು."

"ಕಾಣೂದಿಲ್ಲ ಬಿಡು. ತಪ್ಪು ನಿಂದಲ್ಲ, ನಿನ್ನ ಕಣ್ಣಿಂದು."

ಅಪ್ಪ ಹೀಗೆ ನೂಲು ತಿರುಗಿ ಕೊಟ್ಟದ್ದು ಇದು ನಾಲ್ಕನೇ ಸಲ. ಕಾಕಾ ಲಡಿಯನ್ನು ಒಳಗೆ ಇಟ್ಟು ಬಂದು, "ಇನ್ನ ಮುಂದ ಬ್ಯಾರೇದವರ ಕಡೆ ಹಾಕಿಸ್ಕೊ, ಅಣ್ಣಾ" ಎಂದ. ಅವನ ಮುಖ ಸಣ್ಣದಾಗಿತ್ತು. ನನಗೆ ನೆಲ ಬಿರಿದು ಒಳಗೆ ಹೋಗಬೇಕು ಅನ್ನಿಸಿತು.

ಖರೆ ಹೇಳಬೇಕೆಂದರೆ ನನಗೂ ಆ ಚುಕ್ಕೆ ಕಂಡಿರಲಿಲ್ಲ. ಕಂಡಿಲ್ಲ ಅಂದರೆ, "ನಿನಗೇನ ಗೊತ್ತು ನೂಲಿಂದು?" ಎಂದು ಅಪ್ಪ ಬಾಯಿ ಮುಚ್ಚಿಸುತ್ತಿದ್ದ. ನಮ್ಮವ್ವ ಯಮನವ್ವ ಪಾಪ, ಹಸಿ ಅರಿವೆಯಿಂದ ಆ ಇಲ್ಲದ ಚುಕ್ಕೆಯನ್ನು ಒರೆಸಿ ಒರೆಸಿ ಸಾಕಾಗಿದ್ದಳು. ಅಪ್ಪನೋ, ಚುಕ್ಕೆ ಬಿದ್ದಿದೆ ಎಂದು ಮಗ್ಗಕ್ಕೆ ಉದ್ದಕ್ಕೆ ಹೂಡಿದ ಹಾಸಿನ ಎಳೆಗಳನ್ನು ಕತ್ತರಿಸಿ, ಬೇರೆ ಎಳೆ ಗಂಟು ಹಾಕುತ್ತಿದ್ದ. ಖಣದ ತುಂಬ ಗಂಟು. ಇಡೀ ಓಣಿಯಲ್ಲಿ ಗಂಟಿಲ್ಲದ ಖಣ ನೇಯುವವನು ಎಂದು ಹೆಸರಾದ ಮನುಷ್ಯ ನಮ್ಮಪ್ಪ.

ಇನ್ನೂ ಕೆಲವು ಸಂಗತಿ ಇದ್ದವು. ಅಪ್ಪ ದಿನಕ್ಕೆ ಎರಡು ಕೊಡ ನೀರು ಕುಡಿಯುವವನಂತೆ ತಂಬಿಗೆ ಕೆಳಗಿಡುತ್ತಿರಲಿಲ್ಲ. ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ತಾಸಿಗೊಮ್ಮೆ ಎದ್ದು ಹೊರಗೆ ಹೋಗುತ್ತಿದ್ದ. ಅಂಗಿ ಸಡಿಲಾಗಿತ್ತು. ಅಂಗಾಲಿನಲ್ಲಿ ಇರುವೆ ಹರಿದಂತೆ ಆಗುತ್ತದೆ ಎನ್ನುತ್ತಿದ್ದ. ನಮ್ಮ ಮಹಿಳಾ ಸಂಘಕ್ಕೆ ಒಮ್ಮೆ ಬಂದ ದವಾಖಾನೆಯ ಸಿಸ್ಟರು ಇವೇ ಲಕ್ಷಣ ಹೇಳಿದ್ದರು. ನಾನು ಮನೆಗೆ ಬಂದು ಹೇಳಿದೆ.

"ಅಪ್ಪಾ, ಒಂದು ಸಲ ರಕ್ತ ತಪಾಸ ಮಾಡಿಸು. ಸಕ್ಕರಿ ಬ್ಯಾನಿ ಇರಬಹುದು."

"ಸಕ್ಕರಿ ಬ್ಯಾನಿ ಕುಂತು ಉಣ್ಣವರಿಗೆ ಬರತೈತಿ. ನಾ ದಿನಾ ಹತ್ತು ತಾಸು ಮಗ್ಗ ತುಳಿಯಾಂವ."

"ಒಂದು ಹನಿ ರಕ್ತ, ಅಷ್ಟ."

"ಒಂದು ಹನಿ ಯಾಕ ಕೊಡ್ಲಿ? ನನಗೇನಾಗೇತಿ?"

ಇಂಥವನ ಹತ್ತಿರ ಏನು ಮಾತಾಡುವುದು? ನಾನೂ ಸಿಟ್ಟು ಮಾಡಿಕೊಂಡು ಸುಮ್ಮನಾದೆ. ಆ ಸುಮ್ಮನಾದ ಎರಡು ತಿಂಗಳು ಈಗಲೂ ನನ್ನನ್ನು ಚುಚ್ಚುತ್ತವೆ.

ಅಪ್ಪ ಜಲಾಲುದ್ದೀನ ಕಾಕಾನ ಹತ್ತಿರ ಜಗಳವಾಡಿದ ಮರುವಾರ ಮೃಣಾಲಿನಿ ಬಂದಳು. ನಮ್ಮ ಶಾಲೆಯ ವಾಸುದೇವ ಮಾಸ್ತರರ ಮಗಳು ಅವಳು. ಪುಣೆಯಲ್ಲಿ ವಿಜ್ಞಾನದ ಸಂಶೋಧನೆ ಮಾಡುತ್ತಿದ್ದಳು. ದೀಪಾವಳಿಗೆ ಊರಿಗೆ ಬಂದವಳು ತನ್ನ ತಾಯಿಗೆ ಖಣ ಒಯ್ಯಲು ನಮ್ಮ ಮನೆಗೆ ಬಂದಿದ್ದಳು. ಅಪ್ಪನಿಗೆ ಓದಿದವರೆಂದರೆ ಭಾಳ ಅಕ್ಕರೆ. ಲಾಳಿ ಬಿಟ್ಟು ಕುಣಿಯಿಂದ ಎದ್ದು ಬಂದ.

"ಪುಣೆದಾಗ ಏನು ಮಾಡಾಕತ್ತೀರಿ, ತಂಗಿ?"

"ನಾನೂ ನಿಮ್ಮಂಗ ಎಳೀ ಹಿಡಕೊಂಡ ಕೂತೇನಿ, ಕಾಕಾ. ಬರೇ ಬಟ್ಟಿ ನೇಯೂದಿಲ್ಲ ಅಷ್ಟ. ನಾವು ಮಾಡೂ ತಂತಿಗೆ ನ್ಯಾನೊತಂತಿ ಅಂತಾರ್ರಿ."

"ಎಷ್ಟು ಸಣ್ಣದು? ನಮ್ಮ ರೇಷ್ಮಿ ಎಳಿಯಷ್ಟು?"

"ಅಂಥಾ ಸಾವಿರ ತಂತಿ ಒತ್ತಟ್ಟಿಗೆ ಜೋಡಿಸಿಟ್ರ ನಿಮ್ಮ ತಲಿ ಒಂದು ಕೂದಲಿನ ಅಗಲ ಆಗ್ತದ."

ಅಪ್ಪ ತನ್ನ ತಲೆಯನ್ನು ಮುಟ್ಟಿ ನೋಡಿಕೊಂಡ. ಅವ್ವ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು.

"ಅದನ್ನ ಯಾರು ಕಣ್ಣಿಲೆ ನೋಡ್ಯಾರು? ಹಿಡಿಯೋದಾದ್ರೂ ಹೆಂಗ?"

"ಕಣ್ಣಿಗೆ ಕಾಣೂದಿಲ್ರಿ. ಅದಕ್ಕ ಬ್ಯಾರೆ ಯಂತ್ರ ಅದಾವ. ಆ ತಂತಿ ಮೈಗೆ ಒಂದು ಅಂಟು ಹಚ್ಚತೇವಿ. ಯಾವ ರೋಗ ಹುಡುಕಬೇಕೋ ಆ ರೋಗದ ಗುರುತು ಅಷ್ಟ ಹಿಡಿಯೂ ಅಂಟು. ಒಂದು ಹನಿ ರಕ್ತದಾಗ ಆ ಗುರುತು ಎಲ್ಲೋ ನಾಕಾರು ಇದ್ರೂ ಬಂದು ತಂತಿಗೆ ಕೂಡ್ತಾವ. ಕೂತ ಕೂಡ್ಲೆ ತಂತಿಯೊಳಗ ಹರಿಯೂ ಕರೆಂಟ್ ಹೆಚ್ಚುಕಡಿಮಿ ಆಗ್ತದ. ರೋಗ ಬಲಿಯೂ ಮೊದಲ ಗೊತ್ತಾಗ್ತದ."

"ಕರೆಂಟ್ ಹರಿಯೋದು ತಿಳೀತು. ಮತ್ತ?"

"ಕೆಲವು ತಂತಿಯೊಳಗ ಬೆಳಕನ್ನೂ ಹರಸತಾರ, ಕಾಕಾ. ಗಾಜಿನ ತಂತಿ. ಬೆಳಕು ಅದರ ಗುಂಟ ಹೋಗ್ತದ, ತಂತಿ ಬಾಗಿದ್ರ ತಾನೂ ಬಾಗ್ತದ."

ಅಪ್ಪ ಬೆರಗಾಗಿ ಕುಳಿತುಬಿಟ್ಟ. ಎಳೆಯೊಳಗೆ ಬೆಳಕು ಹರಿಯುವುದನ್ನು ನೇಕಾರನಿಗೆ ಹೇಳಿದರೆ ಕೇಳಬೇಕೆ? ಚಹಾ ತಣ್ಣಗಾದರೂ ಕುಡಿಯಲಿಲ್ಲ. ನನಗೆ ಇದೇ ಸರಿಯಾದ ಹೊತ್ತು ಅನ್ನಿಸಿತು.

"ಮೃಣಾಲಿನಿ, ನಮ್ಮಪ್ಪಗ ರಕ್ತ ತಪಾಸ ಮಾಡಿಸ್ಕೊ ಅಂತ ನೀನರ ಹೇಳವಾ. ನನ್ನ ಮಾತು ಕೇಳವಲ್ಲ."

ಅಪ್ಪ ನಗುತ್ತ ಹೇಳಿದ, "ಮಾಡಿಸ್ಕೋತೇನಿ. ಯಾಕ ಮಾಡಿಸ್ಕೊಳ್ಳಬಾರ್ದು? ಈ ತಂಗಿ ತಂತಿ ಬರಲಿ, ಅದರಾಗ ಮಾಡಿಸ್ಕೋತೇನಿ. ಇಷ್ಟು ನಾಜೂಕಿಂದು ಬರಾಕತ್ತೈತಿ ಅಂದ್ರ ಈಗಿನ ಆ ಸೂಜಿ, ಆ ಬಾಟ್ಲಿ ಎಲ್ಲ ಯಾಕ ಬೇಕು?"

ನೋಡಿರಿ, ಹಟಮಾರಿಗೆ ವಿಜ್ಞಾನ ಸಿಕ್ಕರೂ ಅದೂ ಒಂದು ನೆಪವೇ. ನಾನು ತಲೆ ಚಚ್ಚಿಕೊಂಡೆ. ಮೃಣಾಲಿನಿ ಮಾತ್ರ ನಗಲಿಲ್ಲ.

"ಕಾಕಾ, ನಮ್ಮ ತಂತಿ ಇನ್ನೂ ಪ್ರಯೋಗಶಾಲಾದಾಗ ಅದ. ನಮ್ಮ ಊರ ದವಾಖಾನಿಗೆ ಯಾವಾಗ ಬರ್ತದ ಅಂತ ನನಗೂ ಗೊತ್ತಿಲ್ಲ. ಹತ್ತು ವರ್ಷ ಹಿಡೀಬಹುದು, ಇಪ್ಪತ್ತೂ ಹಿಡೀಬಹುದು. ಸಕ್ಕರಿ ಬ್ಯಾನಿ ಹುಡುಕಲಿಕ್ಕೆ ಅದರ ದಾರಿ ಕಾಯೂದ ಬ್ಯಾಡ್ರಿ. ಅದಕ್ಕ ಇವತ್ತಿನ ಸಾದಾ ತಪಾಸಣಿನ ಸಾಕು."

"ನನಗ ಬ್ಯಾನಿ ಇಲ್ಲವಾ. ನನ್ನ ತ್ರಾಸು ಬರೇ ಈ ನೂಲಿಂದು. ಚುಕ್ಕಿ ಚುಕ್ಕಿ ನೂಲು."

ಅವಳು ಮಗ್ಗದ ಹತ್ತಿರ ಬಗ್ಗಿ ಹಾಸನ್ನು ನೋಡಿದಳು. ಬೆರಳಾಡಿಸಿ ನೋಡಿದಳು. ಆಮೇಲೆ ಅಪ್ಪನ ಮುಖ ನೋಡಿದಳು. ಹಬ್ಬಕ್ಕೆಂದು ಹಿಂದಿನ ದಿನವೇ ನಾವು ಗೋಡೆಗೆ ಸುಣ್ಣ ಬಳಿದಿದ್ದೆವು.

"ಕಾಕಾ, ಈ ಗೋಡಿ ಕಡೆ ನೋಡ್ರಿ. ಚುಕ್ಕಿ ಕಾಣ್ತಾವೇನ್ರಿ?"

ಅಪ್ಪ ನೋಡಿದ. "ಹೂಂ. ಅದಾವು."

"ಈಗ ಮ್ಯಾಲೆ ನೋಡ್ರಿ. ಈಗ ಕೆಳಗ."

"ಅವೂ ಮ್ಯಾಲೆ ಬಂದೂ. ಈಗ ಕೆಳಗ ಇಳಿದೂ."

"ಬಲಗಣ್ಣು ಮುಚ್ಚಿ ನೋಡ್ರಿ."

ಅಪ್ಪ ಬಲಗಣ್ಣಿಗೆ ಅಂಗೈ ಹಿಡಿದ. ಗೋಡೆಯ ಹತ್ತಿರಕ್ಕೆ ಮುಖ ಚಾಚಿದ. ಆಮೇಲೆ, "ಗೋಡಿ ಕಾಣವಲ್ದು, ಮಂಜು ಮಂಜು" ಎಂದ.

"ಜಲಾಲುದ್ದೀನ ಕಾಕಾ ಈ ಗೋಡಿಗೂ ಬಣ್ಣ ಹಾಕ್ಯಾರೇನ್ರಿ?" ಎಂದು ಅವಳು ಮೆಲ್ಲಗೆ ಕೇಳಿದಳು. "ಚುಕ್ಕಿ ನೂಲಿನಾಗ ಇಲ್ರಿ. ಕಣ್ಣಿನೊಳಗ ಅದಾವ."

ಅಪ್ಪ ಮಗ್ಗದ ಅಂಚಿನ ಮೇಲೆ ಕುಳಿತ. "ಮತ್ತ ನಾ ಕತ್ತರಿಸಿದ ಎಳಿ?" ಎಂದು ಅವ್ವನನ್ನು ಕೇಳಿದ.

"ಛಲೋ ಇದ್ದೂರಿ," ಎಂದಳು ಅವ್ವ. ಅವಳ ಕಣ್ಣಲ್ಲಿ ನೀರು ಬಂದಿತ್ತು.

ಮರುದಿನ ಬೆಳಿಗ್ಗೆ ನಾವು ಸರಕಾರಿ ದವಾಖಾನೆಯಲ್ಲಿದ್ದೆವು. ಸಿಸ್ಟರು ಬೆರಳಿಗೆ ಚುಚ್ಚಿದರು, ಒಂದು ಹನಿ ರಕ್ತ ತೆಗೆದು ಪಟ್ಟಿಗೆ ಹಚ್ಚಿದರು. "ಆತೇನು? ಇಷ್ಟೇನು?" ಎಂದು ಅಪ್ಪ ಕೇಳಿದ. ಎರಡು ತಿಂಗಳಿಂದ ಮುಂದೂಡಿಕೊಂಡು ಬಂದ ಕೆಲಸ ಒಂದು ನಿಮಿಷದಲ್ಲಿ ಮುಗಿದಿತ್ತು. ಸಕ್ಕರೆ ಮುನ್ನೂರು ದಾಟಿತ್ತು. ಡಾಕ್ಟರು ಗುಳಿಗೆ ಬರೆದುಕೊಟ್ಟು, ಅದೇ ದಿನ ಬಾಗಲಕೋಟೆಯ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು.

ಅಲ್ಲಿ ಕಣ್ಣಿಗೆ ಔಷಧದ ಹನಿ ಹಾಕಿ, ಪಾಪೆ ಅಗಲವಾದ ಮೇಲೆ ಬೆಳಕು ಬಿಟ್ಟು ಒಳಗೆ ನೋಡಿದರು. ಕಣ್ಣಿನ ಹಿಂದಿನ ಪರದೆಯಲ್ಲಿ ಸಣ್ಣ ಸಣ್ಣ ರಕ್ತನಾಳಗಳಿರುತ್ತವೆ. ಸಕ್ಕರೆ ಬಹಳ ದಿನ ಹೆಚ್ಚಿದ್ದರೆ ಅವು ಹಾಳಾಗಿ ರಕ್ತ ಸೋರುತ್ತದೆ. ಅಪ್ಪ ಕಂಡ ಕರಿ ಚುಕ್ಕೆ ಆ ರಕ್ತದ ನೆರಳು.

"ಎಡಗಣ್ಣಿನ ಪರದಿ ಭಾಳ ಕೆಟ್ಟದರಿ," ಎಂದರು ಡಾಕ್ಟರಮ್ಮ. "ಹೋದ ನೋಟ ನನ್ನ ಕೈಲೆ ತರಲಿಕ್ಕೆ ಆಗೂದಿಲ್ಲ. ಬಲಗಣ್ಣು ಉಳಿಸಬಹುದು. ಲೇಸರ್ ಮಾಡಬೇಕು, ತಡ ಮಾಡಬಾರದು."

"ಲೇಸರ್ ಅಂದ್ರೇನ್ರಿ?"

"ಬೆಳಕ, ಅಜ್ಜಾರ. ಭಾಳ ಸಣ್ಣ ಎಳಿಯಂಥಾ ಬೆಳಕು."

ಅಪ್ಪ ನನ್ನ ಕಡೆ ತಿರುಗಿ, "ಮಾಸ್ತರ ಮಗಳು ಇದ್ದಿದ್ರ ಕೇಳಿ ಖುಷಿ ಪಡ್ತಿತ್ತು" ಎಂದ. ಅಂಥ ಹೊತ್ತಿನಲ್ಲಿಯೂ ಹಾಗೆ ಅಂದನಲ್ಲ ಎಂದು ನನಗೆ ಅಳು ಬಂತು.

ಬಲಗಣ್ಣಿಗೆ ಮೂರು ಸಲ ಲೇಸರ್ ಆಯಿತು. ಕಣ್ಣು ಉಳಿಯಿತು. ಬಾಗಲಕೋಟೆಯಿಂದ ಕಡೆಯ ಸಲ ಬಂದ ದಿನ ಅಪ್ಪ ಮನೆಗೆ ಬರಲಿಲ್ಲ, ಬಸ್ಸಿನಿಂದ ಇಳಿದವನೇ ಜಲಾಲುದ್ದೀನ ಕಾಕಾನ ಮನೆಗೆ ನಡೆದ. ನಾನು ಹಿಂದೆಯೇ ಹೋದೆ.

"ಜಲಾಲಾ, ತಪ್ಪು ನಿನ್ನ ಬಣ್ಣದ್ದಲ್ಲ, ನನ್ನ ಕಣ್ಣಿಂದು. ನಿನಗ ಅನಬಾರದ್ದು ಅಂದೆ."

ಕಾಕಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. "ಕಣ್ಣು ಉಳೀತಲ್ಲ, ಅಣ್ಣಾ. ಬಾ, ಚಹಾ ಕುಡಿ. ಸಕ್ಕರಿ ಹಾಕೂದಿಲ್ಲ." ಆಮೇಲೆ ನನಗೆ ಹೇಳಿದ, "ಮಾದೇವಿ, ನನ್ನೂ ಒಮ್ಮಿ ಕರಕೊಂಡು ಹೋಗು ನಿಮ್ಮ ಸಿಸ್ಟರ್ ಕಡೆ. ನನಗೂ ಈಗೀಗ ಭಾಳ ನೀರಡಿಕಿ." ಅವನು ನನ್ನನ್ನು ಸಣ್ಣವಳಿದ್ದಾಗಿನಿಂದ ಹಾಗೆಯೇ ಕರೆಯುವುದು, ಮಹಾನಂದಾ ಎಂಬ ನನ್ನ ಹೆಸರು ಅವನಿಗೆ ಉದ್ದವಂತೆ.

ಮೃಣಾಲಿನಿಗೆ, ಆ ಸಿಸ್ಟರಿಗೆ, ಆ ಡಾಕ್ಟರಮ್ಮನಿಗೆ ನಾನು ಎಷ್ಟು ಸಲ ಕೈ ಮುಗಿದರೂ ಕಡಿಮೆಯೇ. ಅವರು ಇರದಿದ್ದರೆ ನಮ್ಮ ಮಗ್ಗ ಇಂದು ನಿಂತುಹೋಗಿರುತ್ತಿತ್ತು. ಹೊಸ ತಂತಿಗಳು ಬೇಗ ಬರಲಿ, ಬಂದು ನಮ್ಮಂಥವರ ಊರನ್ನೂ ಮುಟ್ಟಲಿ. ಅಲ್ಲಿಯವರೆಗೆ ಇದ್ದದ್ದನ್ನು ಬಳಸೋಣ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಬಹಳ ನೀರಡಿಕೆ, ಮೇಲಿಂದ ಮೇಲೆ ಮೂತ್ರ, ಇಳಿಯುತ್ತಿರುವ ತೂಕ, ಕಾಲಲ್ಲಿ ಜುಮ್ಮು ಇದ್ದರೆ ನಾಳೆ ಅನ್ನಬೇಡಿ, ರಕ್ತ ತಪಾಸಣೆ ಮಾಡಿಸಿ. ಏನೂ ತ್ರಾಸಿಲ್ಲದಿದ್ದರೂ ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ಮಾಡಿಸಿ. ಸಕ್ಕರೆ ಬೇನೆ ಇರುವವರು, ನೋಟ ಚೆನ್ನಾಗಿದೆ ಅನ್ನಿಸಿದರೂ, ವರ್ಷಕ್ಕೊಮ್ಮೆ ಕಣ್ಣಿನ ಒಳಗಿನ ಪರದೆ ತೋರಿಸಿ. ಗುಳಿಗೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

ನನ್ನ ಮಾತು ಸಾಲದಿದ್ದರೆ ನಮ್ಮಪ್ಪನ ಮಾತು ಕೇಳಿ. ಈಚೆಗೆ ನಮ್ಮ ಸಂಘದ ಸಭೆಗೆ ಅವನನ್ನೇ ಕರೆದುಕೊಂಡು ಹೋಗಿದ್ದೆ. ಎದ್ದು ನಿಂತು ಇಷ್ಟೇ ಹೇಳಿ ಕುಳಿತ:

"ನಾ ಒಂದು ಕಣ್ಣು ಕೊಟ್ಟು ಕಲ್ತೇನ್ರವಾ. ನೀವು ಒಂದು ಹನಿ ರಕ್ತ ಕೊಟ್ಟು ಕಲೀರಿ."