ಭಾನುವಾರದ ಉತ್ತರಗಳು

"ಎತ್ರೀ, ಎತ್ರೀ!" ಅಂತ ಮುಂದಿನವರ ಬಾಯಿ. "ಇಳಿಸ್ರೋ!" ಅಂತ ಪಕ್ಕದವರ ಬಾಯಿ. ಶವದ ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಹಿಂದಿನ ಮೂಲೆ ಹಿಡಿದಿದ್ದ ಕಿವುಡಣ್ಣ ಎರಡೂ ಬಾಯಿಗಳನ್ನು ನೋಡಿದ. ಯಾರ ಮಾತಿಗೂ ಸೊಪ್ಪು ಹಾಕದೆ ಪೆಟ್ಟಿಗೆಯನ್ನು ತುಸು ಓರೆ ಮಾಡಿದ. ಸಲೀಸಾಗಿ ಹೊರಗೆ ಬಂತು.

ಮೂವತ್ತು ವರ್ಷ ಬಟ್ಟೆ ಗಿರಣಿಯ ಮಗ್ಗಗಳ ನಡುವೆ ನಿಂತು ಕಿವಿ ಕಳೆದುಕೊಂಡವನು ಅವನು. ಆ ಗದ್ದಲದಲ್ಲಿ ಯಾರ ದನಿ ಯಾರಿಗೆ ಕೇಳಬೇಕು? ನೇಕಾರರೆಲ್ಲ ತುಟಿ ನೋಡಿಯೇ ಮಾತಾಡಿಕೊಳ್ಳುವುದು. ಪೆಟ್ಟಿಗೆಯಲ್ಲಿ ಮಲಗಿದ್ದವನು ಅವನ ಪಕ್ಕದ ಮಗ್ಗದವನು, ಬೀದಿಗೆಲ್ಲ 'ಹೂಂ ಮಾವ'. ಹುಟ್ಟಿನಿಂದ ಉಗ್ಗು. ಹಾಗಾಗಿ ಏನು ಕೇಳಿದರೂ 'ಹೂಂ'. ಸಿಟ್ಟಿಗೂ ಅದೇ, ಸಂತೋಷಕ್ಕೂ ಅದೇ. ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಕುಸಿದು ಬಿದ್ದ, ಆ 'ಹೂಂ' ಕೂಡ ನಿಂತುಹೋಯಿತು.

ಪೆಟ್ಟಿಗೆಯನ್ನು ಗಾಡಿಗೆ ಏರಿಸಿದ ಮೇಲೆ ಹೂಂ ಮಾವನ ಹೆಂಡತಿ ಕಿವುಡಣ್ಣನ ತೋಳು ಹಿಡಿದಳು. ಹೇಳಿದ್ದು ಅವನಿಗೆ ತಿಳಿಯಲೆಂದು ಮುಖಕ್ಕೆ ಮುಖ ಕೊಟ್ಟು ನಿಂತಳು.

"ಅಣ್ಣಾ, ಭಾನುವಾರ ಬಂತು ಅಂದ್ರೆ ಇಬ್ಬರೂ ಗಾಳ ಹಿಡ್ಕೊಂಡು ತೊರೆಗೆ ಹೋಗ್ತಿದ್ರಲ್ಲ, ಅಲ್ಲಾದ್ರೂ ಇವರು ಬಾಯಿ ಬಿಡ್ತಿದ್ರಾ?"

ಗುಟ್ಟಾಗಿ ಹೇಳೋಣವೆಂದು ಕಿವುಡಣ್ಣ ಬಗ್ಗಿದ. ತನ್ನ ದನಿ ತನಗೇ ಕೇಳದವನ ಗುಟ್ಟು ಎಂಥ ಗುಟ್ಟು! "ಬಾಯಿ ಮುಚ್ಚಿದ್ರೆ ತಾನೇ, ಅತ್ತಿಗೆ!" ಅಂದದ್ದು ಬೀದಿಯ ಆ ತುದಿಗೂ ಮುಟ್ಟಿತು.

ಅವಳ ಮುಖ ಬಿಳಿಚಿಕೊಂಡಿತು. "ನಲವತ್ತೊಂದು ವರ್ಷ ಇವರ ಒಂದು ಮಾತಿಗೆ ಬಾಯಿ ಬಾಯಿ ಬಿಟ್ಟೆನಲ್ಲ ನಾನು! ಎಲ್ಲಾ ಮೀನಿಗೆ ಹೇಳಿದ್ರಾ?"

"ಗಾಡಿ ಕಾಯ್ತಿದೆ ಕಣೇ, ಈಗೇನು ಅದು?" ಎಂದು ಸತ್ತವನ ಅಕ್ಕ ಅವಳನ್ನು ಎಳೆದುಕೊಂಡು ಹೋದಳು.

* * *

ತೊರೆ ಅಂದರೆ ದೊಡ್ಡದೇನಲ್ಲ, ಗಾಳದ ಕೋಲು ಚಾಚಿದರೆ ಆಚೆ ದಡ. ಬಿದ್ದ ಮರದ ನೆರಳಲ್ಲಿ ಬಾಸ್ ಮೀನು ಹೊಂಚು ಹಾಕಿ ನಿಲ್ಲುತ್ತಿತ್ತು. ಈ ದಡದಲ್ಲಿ ಹೂಂ ಮಾವ, ಆ ದಡದಲ್ಲಿ ಕಿವುಡಣ್ಣ.

ಕಿವುಡಣ್ಣನ ಕಿವಿ ಹೋದ ಮೇಲೆ ಇಬ್ಬರೂ ಮೀನಿಗೆ ಹೋಗತೊಡಗಿದ ಮೊದಲ ವರ್ಷ ಒಂದು ದಿನ ದೊಡ್ಡ ಬಾಸ್ ಒಂದು ಅವನ ಗಾಳ ಕಚ್ಚಿ, ನೀರಿಂದ ಮೇಲೆ ಹಾರಿ, ತಲೆ ಒದರಿತು. "ಹಿ, ಹಿ, ಹಿ..." ಅಂತ ಹೂಂ ಮಾವನ ತುಟಿ ಅಲ್ಲೇ ಸಿಕ್ಕಿಕೊಂಡಿತು. 'ಹಿಡಿ' ಅನ್ನುವಷ್ಟರಲ್ಲಿ ಮೀನು ಗಾಳ ಕೊಡವಿಕೊಂಡು ಹೋಗಿಯೇಬಿಟ್ಟಿತ್ತು.

"ನಿಧಾನಕ್ಕೆ ಹೇಳೋ," ಅಂದ ಕಿವುಡಣ್ಣ, ಹೊಟ್ಟೆ ಹಿಡಿದು ನಗುತ್ತಾ. "ನೀನು ಉಗ್ಗಿದ್ರೂ ಅಷ್ಟೇ, ಹಾಡಿದ್ರೂ ಅಷ್ಟೇ, ನನಗೇನು ಕೇಳ್ಸುತ್ತಾ?"

ಅಂದಿನಿಂದ ಅವನು ಮಾತಿಗೆ ಬಿದ್ದ. ತುಟಿ ತಡವರಿಸುತ್ತಿತ್ತು, ಕಿವುಡಣ್ಣ ಕಾಯುತ್ತಿದ್ದ. ದಿನವಿಡೀ ಮೀನಿಗೆ ಕಾಯುವವನಿಗೆ ಒಂದು ಮಾತಿಗೆ ಕಾಯುವುದೇನು ದೊಡ್ಡ ಕೆಲಸ? ಅವನು ಹೇಳುತ್ತಿದ್ದುದೆಲ್ಲ ಉತ್ತರಗಳೇ. ವಾರವಿಡೀ ಹೆಂಡತಿ ಕೇಳಿದ್ದಕ್ಕೆ, ಒಂದನ್ನೂ ಬಿಡದೆ.

"ನೀಲಿ ಪರದೆ ಚೆನ್ನಾಗಿದೆಯಾ ಅಂತ ಕೇ, ಕೇಳಿದ್ಲು. ಚೆನ್ನಾಗಿದೆ. ಬೆಳಗಿನ ಬಿಸಿಲಲ್ಲಿ ಅವಳು ಅದರ ಮುಂದೆ ನಿಂತ್ರೆ ಇನ್ನೂ ಚೆನ್ನಾಗಿರುತ್ತೆ."

"ಅವಳ ಹತ್ರಾನೇ ಹೇಳೋ, ಪುಣ್ಯಾತ್ಮ!"

"ನಾನು ಶುರು ಮಾಡೋದ್ರೊಳಗೆ ಅವಳೇ ಮುಗಿಸಿಬಿಡ್ತಾಳೆ. ಪಾಪ, ನನಗೆ ಕ, ಕಷ್ಟ ಆಗ್ಬಾರ್ದು ಅಂತ."

* * *

ಮಣ್ಣು ಕೊಟ್ಟು ಎಲ್ಲರೂ ಗೇಟಿನ ಕಡೆ ನಡೆಯುವಾಗ ಕಿವುಡಣ್ಣ ಇದನ್ನೆಲ್ಲ ಅವಳಿಗೆ ಹೇಳಿದ. ಹಿಂದೆ ಮುಂದೆ ಇದ್ದವರಿಗೂ ಕೇಳಿತು, ಕೇಳಲಿ. ನೀಲಿ ಪರದೆಯ ಮಾತಿಗೆ ಅವಳು ಮೊದಲು ನಕ್ಕಳು, ಆಮೇಲೆ ಅಳು ತಡೆಯಲಾಗದೆ ಗೋಡೆ ಹಿಡಿದು ನಿಂತಳು.

"ಹೌದಣ್ಣ, ನಾನೇ ಮುಗಿಸ್ತಿದ್ದೆ. ಅವರು ಒದ್ದಾಡೋದು ನೋಡೋಕಾಗ್ತಿರಲಿಲ್ಲ." ಕಣ್ಣೊರೆಸಿಕೊಂಡು ಮತ್ತೆ ಅವನ ಕಡೆ ತಿರುಗಿದಳು. "ಶುಕ್ರವಾರ ಒಂದು ಮಾತು ಕೇಳಿದ್ದೆ. ಅದಕ್ಕೇನಂದ್ರು?"

"ಏನು ಕೇಳಿದ್ರಿ?"

"ಸಿಟ್ಟಲ್ಲಿ ಕೇಳ್ದೆ. ನನ್ನ ಕಟ್ಕೊಂಡು ನಿಮಗೇನು ಸಿಕ್ತು ಅಂತ. ಹೂಂ ಅಂದು ಮಲಗಿಬಿಟ್ರು."

ಒಂದು ಒಳ್ಳೆಯ ಸುಳ್ಳು ಕಿವುಡಣ್ಣನ ನಾಲಿಗೆಯ ತುದಿಗೇ ಬಂತು. ಹೇಳಿದ್ದರೆ ಅವಳು ನಂಬುತ್ತಿದ್ದಳು, ಆ ರಾತ್ರಿ ಸುಖವಾಗಿ ನಿದ್ದೆಯೂ ಮಾಡುತ್ತಿದ್ದಳೇನೋ. ಆದರೆ ಆ ಮನುಷ್ಯನ ಮಾತನ್ನು ಇನ್ನೊಬ್ಬರು ಮುಗಿಸಿದ್ದು ಸಾಲದೇ? ತಾನೂ ಮುಗಿಸಬೇಕೇ?

"ಶನಿವಾರವೇ ಹೋಗಿಬಿಟ್ನಲ್ಲ, ಅತ್ತಿಗೆ. ಆ ಭಾನುವಾರ ಬರಲೇ ಇಲ್ಲ."

ಅವಳು ಗೋಡೆ ಬಿಟ್ಟು ನೆಟ್ಟಗೆ ನಿಂತಳು. "ನನ್ನ ಆ ತೊರೆಗೆ ಕರ್ಕೊಂಡು ಹೋಗಿ," ಅಂದಳು.

"ಮನೆ ತುಂಬ ಜನ ಕೂತಿದ್ದಾರಲ್ಲೇ!" ಅಂದಳು ಅಕ್ಕ.

"ಕೂತಿರಲಿ. ಎಲ್ಲರಿಗೂ ಮಾತು ಬರುತ್ತಲ್ಲ, ಮಾತಾಡ್ಕೊಂಡಿರಲಿ."

* * *

ಮಧ್ಯಾಹ್ನದ ಬಿಸಿಲು ತೊರೆಯ ತಳ ಮುಟ್ಟಿತ್ತು. ಹೂಂ ಮಾವ ಕೂರುತ್ತಿದ್ದ ಜಾಗದಲ್ಲಿ ಹುಲ್ಲು ಸವೆದಿತ್ತು. ಅವಳು ಚಪ್ಪಲಿ ಬಿಟ್ಟು ಅಲ್ಲೇ ಕುಳಿತಳು. ಜೊತೆಗೆ ಕೂರುವುದು ಸರಿಯಲ್ಲವೆನಿಸಿ ಕಿವುಡಣ್ಣ ಬಿದ್ದ ಮರ ದಾಟಿ ತನ್ನ ದಡಕ್ಕೆ ಹೋದ. ಕೈಯಲ್ಲಿ ಕೋಲಿಲ್ಲದೆ ಏನು ಮಾಡಬೇಕೆಂದು ತೋಚಲಿಲ್ಲ.

ನೀರಿನಾಚೆ ಅವಳ ತುಟಿ ಅಲುಗಿತು. ನನ್ನ ಕಟ್ಕೊಂಡು ನಿಮಗೇನು ಸಿಕ್ತು? ಈ ಸಲ ಸಿಟ್ಟಿರಲಿಲ್ಲ.

ಮರದ ನೆರಳಲ್ಲಿ ಬಾಸ್ ಒಂದು ಮಗುಚಿ ನೀರು ಚಿಮ್ಮಿತು. ಅವಳ ಬಾಯಿ ಮತ್ತೆ ತೆರೆದುಕೊಂಡಿತು, ಏನನ್ನೋ ಹೇಳಲು, ಅವನ ಮಾತನ್ನು ತಾನೇ ಮುಗಿಸಲು. ಸರಕ್ಕನೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ನೀರಿನ ಕಡೆ ತುಸು ಬಗ್ಗಿ, ಅವಳು ಕಾಯುತ್ತಾ ಕುಳಿತಳು.