ಹಿಂದಿನ ಕೋಣೆಯ ಮಗುವಿನ ಗಾಡಿ

ಶನಿವಾರ ಬೆಳಿಗ್ಗೆ ಗ್ಲೆಂಡಾಳ ಸಲೂನಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬರ್ನ್ಲಿ ಊರಿನ ಆ ಬೀದಿಯ ಅಜ್ಜಿಯರಿಗೆ ಕೂದಲು ಗುಂಗುರು ಮಾಡಿಸಿಕೊಳ್ಳುವುದು ಬರೀ ನೆಪ, ಊರ ಸುದ್ದಿಯೇ ಅಸಲು ಕೆಲಸ. ಈ ವಾರ ಗ್ಲೆಂಡಾ ಬಂದವರನ್ನೆಲ್ಲ ಹಿಂದಿನ ಕೋಣೆಗೆ ಕರೆದೊಯ್ದು, ಟವೆಲ್ ರಾಶಿಯ ಪಕ್ಕದಲ್ಲಿದ್ದ ಮಗುವಿನ ಹೊಸ ಗಾಡಿ ತೋರಿಸುತ್ತಿದ್ದಳು.

"ಮಗು ಹುಟ್ಟೋಕೆ ಮುಂಚೆ ಗಾಡಿ ಮನೆಯೊಳಗೆ ಹೋದ್ರೆ ಅಪಶಕುನ ಅಲ್ವಾ, ಅದಕ್ಕೇ ಇಲ್ಲೇ ಇಟ್ಕೊಂಡಿದ್ದೀನಿ. ನಮ್ಮ ಜನೀನ್‌ಗೆ. ಎಲ್ಲಾ ನನ್ನ ಸ್ವಂತ ದುಡ್ಡು!"

"ನಿನ್ನಂಥ ಯಜಮಾನಿ ಸಿಗೋಕೆ ಪುಣ್ಯ ಮಾಡಿರಬೇಕು ಕಣೇ," ಎಂದರು ಮುದುಕಿ ಮಿಸೆಸ್ ಹೋಲ್ರಾಯ್ಡ್. ಗ್ಲೆಂಡಾ ಉಬ್ಬಿಹೋದಳು.

ಜನೀನ್ ಅಲ್ಲಿ ವರ್ಷಗಟ್ಟಲೆ ದುಡಿದವಳು. ಬಸುರಿಯಾದ ಮೇಲೆ ಗುಂಗುರು ಔಷಧಿಯ ವಾಸನೆಗೆ ಹೊಟ್ಟೆ ತೊಳಸಿ ಬರುತ್ತಿತ್ತು, ನಿಂತೂ ನಿಂತೂ ಕಾಲು ಊದುತ್ತಿತ್ತು. ಏಳನೇ ತಿಂಗಳಲ್ಲಿ, ಇನ್ನಾಗುವುದಿಲ್ಲವೆಂದು ಕೆಲಸ ಬಿಟ್ಟಳು. ಹೋಗುವ ದಿನ, "ಹೆರಿಗೆ ಸಂಬಳ ಏನಾದ್ರೂ ಬರುತ್ತಾ?" ಎಂದು ಕೇಳಿದ್ದಳು.

"ನೀನಾಗೇ ಬಿಟ್ಟು ಹೋಗ್ತಿದ್ದೀಯಲ್ಲೇ. ಬಿಟ್ಟೋರಿಗೆ ಎಲ್ಲಿಂದ ಬರುತ್ತೆ?" ಎಂದಿದ್ದಳು ಗ್ಲೆಂಡಾ, ಕಾಯಿದೆ ಅರೆದು ಕುಡಿದವಳ ಹಾಗೆ. ನಿಜಕ್ಕೆ ಗ್ಲೆಂಡಾಳಿಗೇ ಗೊತ್ತಿರಲಿಲ್ಲ. ಲೆಕ್ಕಪತ್ರ ನೋಡಿಕೊಳ್ಳುವ ಕ್ಲೈವ್‌ನನ್ನು ಕೇಳಬಹುದಿತ್ತು. ಕೇಳಲಿಲ್ಲ. ಬದಲಿಗೆ ಗಾಡಿ ಕೊಂಡಳು.

ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಜನೀನ್ ಬಂದು ನಿಂತಳು. ಒಂದು ಕೈ ಹೊಟ್ಟೆಯ ಮೇಲಿತ್ತು.

"ಗ್ಲೆಂಡಾ, ಬೇಜಾರು ಮಾಡ್ಕೋಬೇಡಿ. ನೀವು ನನಗೇಂತ ತಂದ ಈ ಗಾಡಿ ಅಂಗಡಿಗೆ ವಾಪಸ್ ಕೊಟ್ಟು ದುಡ್ಡು ಇಸ್ಕೊಳ್ಳೋಕಾಗುತ್ತಾ? ಬಾಡಿಗೆ ಕಟ್ಟಬೇಕು."

"ಮತ್ತೆ ಮಗೂನ ಹೆಂಗೆ ಕರ್ಕೊಂಡು ಓಡಾಡ್ತೀಯೇ?"

"ಎತ್ಕೊಂಡು ಓಡಾಡ್ತೀನಿ."

ಕದ್ದು ಸಿಕ್ಕಿಬಿದ್ದವಳಂತೆ ಅವಳು ತಲೆ ತಗ್ಗಿಸಿದ್ದಳು. ಗ್ಲೆಂಡಾಳಿಗೆ ಅದನ್ನು ನೋಡಲಾಗಲಿಲ್ಲ. ಅವಳನ್ನು ಕೂರಿಸಿ, ಚಹಾಕ್ಕೆ ನೀರಿಟ್ಟು, ಹಿತ್ತಲಿಗೆ ಹೋಗಿ ಕ್ಲೈವ್‌ಗೆ ಫೋನ್ ಮಾಡಿದಳು.

"ಏಳನೇ ತಿಂಗಳಲ್ಲಿ ಬಿಟ್ಟಳಾ? ಹಾಗಾದ್ರೆ ಕೊಡಲೇಬೇಕು ಮಾರಾಯ್ತಿ," ಎಂದ ಅವನು. "ಹೆರಿಗೆಗೆ ಹದಿನೈದು ವಾರ ಇದ್ದಾಗ ನಿನ್ನ ಕೆಲಸದಲ್ಲೇ ಇದ್ದಳಲ್ಲ. ಆಮೇಲೆ ಯಾಕೆ ಬಿಟ್ಟರೂ ಅದು ಅವಳ ಹಕ್ಕು."

"ಅಂಗಡಿ ನಡೆಸೋದೇ ಕಷ್ಟ ಆಗಿದೆ ಕ್ಲೈವ್. ಕರೆಂಟ್ ಬಿಲ್ ನೋಡಿದ್ರೆ..."

"ನಿನ್ನಂಥ ಸಣ್ಣ ಅಂಗಡಿಗೆ ಸರ್ಕಾರ ಆ ದುಡ್ಡು ವಾಪಸ್ ಕೊಡುತ್ತೆ. ಆವತ್ತೇ ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?"

ಏನಾಗಿತ್ತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೊಡಬೇಕಾದ್ದನ್ನು ಕೊಡದೆ, ಕೊಟ್ಟ ಗಾಡಿಯನ್ನು ಬೀದಿಗೆಲ್ಲ ತೋರಿಸಿ ಹೊಗಳಿಸಿಕೊಂಡಿದ್ದಳು. ನಾಚಿಕೆಯಿಂದ ಅವಳಿಗೆ ಅಳುವೇ ಬಂತು.

ಒಳಗೆ ನೀರು ಕುದಿಯುತ್ತಿತ್ತು. ಜನೀನ್‌ಗೆ ಇಲ್ಲೇ ಮೆಲ್ಲಗೆ ಹೇಳಿಬಿಟ್ಟರೆ ಮುಂದಿನ ಕೋಣೆಯವರಿಗೆ ಗೊತ್ತಾಗುವುದೇ ಇಲ್ಲ, ಒಳ್ಳೆಯ ಹೆಸರೂ ಉಳಿಯುತ್ತದೆ. ಗ್ಲೆಂಡಾ ಒಳಗೆ ಬಂದು ಕುದಿಯುವ ನೀರು ಇಳಿಸಿದಳು. ಆಮೇಲೆ ಜನೀನ್‌ಳ ಕೈ ಹಿಡಿದು ಮುಂದಕ್ಕೆ ಕರೆತಂದಳು. ಮಿಸೆಸ್ ಹೋಲ್ರಾಯ್ಡ್‌ರ ತಲೆಯ ಮೇಲೆ ಗುಂಯ್‌ಗುಡುತ್ತಿದ್ದ ಡ್ರೈಯರ್ ಆರಿಸಿದಳು.

"ಅಯ್ಯೋ, ಇನ್ನೂ ಒಣಗಿಲ್ಲ ಕಣೇ!"

"ಗೊತ್ತು. ನಿಮಗೆ ಕೇಳಿಸಲಿ ಅಂತ ಆರಿಸಿದೆ. ಇವಳಿಗೆ ಹೆರಿಗೆ ಸಂಬಳ ಬರಲ್ಲ ಅಂತ ನಾನೇ ಹೇಳಿದ್ದೆ. ಅದು ಸುಳ್ಳು. ಬರುತ್ತೆ, ನಾನೇ ಕೊಡಬೇಕಿತ್ತು. ಕೇಳಿದ್ರೆ ಕೊಡಬೇಕಾಗುತ್ತೇನೋ ಅಂತ ಯಾರನ್ನೂ ಕೇಳಲಿಲ್ಲ."

ಜನೀನ್ ಮೆಲ್ಲಗೆ ಅಂದಳು: "ಹಾಗಾದ್ರೆ ಆವತ್ತು ನಾನು ಕೇಳಿದ್ದು ದುರಾಸೆ ಅಲ್ಲ ಅಂದಂಗಾಯ್ತಾ? ಇಷ್ಟು ದಿನ ಅದಕ್ಕೇ ನಾಚ್ಕೋತಾ ಇದ್ದೆ."

"ನಾಚ್ಕೋಬೇಕಾದೋಳು ನಾನು ಕಣೇ," ಎಂದಳು ಗ್ಲೆಂಡಾ. "ಬಾಕಿ ಎಲ್ಲಾ ಸೋಮವಾರ ನಿನ್ನ ಕೈಸೇರುತ್ತೆ. ಗಾಡಿನೂ ನಿಂದೇ."

ಅಷ್ಟರಲ್ಲಿ ಬೀದಿಯ ಇನ್ನೊಬ್ಬ ಅಜ್ಜಿ ಒಳಗೆ ಬಂದು, "ಎಲ್ಲೇ ಗ್ಲೆಂಡಾ, ನೀನು ಕೊಡಿಸಿದ ಗಾಡಿ? ತೋರಿಸು ನೋಡೋಣ!" ಎಂದರು.

ಗ್ಲೆಂಡಾ ಹಿಂದಿನ ಕೋಣೆಗೆ ಹೋಗಿ, ಗಾಡಿಯ ಮೇಲೊಂದು ಹಳೆಯ ಟವೆಲ್ ಹೊದಿಸಿ, ಬಾಗಿಲು ಮುಚ್ಚಿ ಬಂದಳು.