ಬದಲಿ ಆಳು

"ಕಣ್ಣು ಕಾಣದಿಲ್ವ ನಿಂಗೆ, ಸೂಳೆಮುಂಡೆ? ನಮ್ಮಮ್ಮನ್ನ ಕೊಲ್ಲಕ್ಕೇ ಬಂದಿದೀಯಾ?"

ಮಾತಿಗಿಂತ ಮೊದಲೇ ಏಟು ಬಿದ್ದಿತ್ತು. ಸಂತೋಷನದು ದೊಡ್ಡ ಕೈ, ಬೆರಳ ತುಂಬ ಉಂಗುರ. ನನ್ನ ಹಲ್ಲು ನನ್ನ ಕೆನ್ನೆಗೇ ನಾಟಿ ಬಾಯಿ ತುಂಬ ರಕ್ತ ಬಂತು. ಉಗುಳಲಿಲ್ಲ. ಆಯಾ ಕೆಲಸ ಬಿಟ್ಟು ಹೋಗಿದ್ದಳು, ಉಗುಳಿದರೆ ಒರೆಸಬೇಕಾದವಳೂ ನಾನೇ. ನುಂಗಿಕೊಂಡೆ.

"ಎಂತ ನುಂಗ್ತೀಯೇ? ಬಾಯಿ ಬಿಡೇ, ಬೋಳಿ!"

ಎರಡನೆಯದು ಕಿವಿಯ ಮೇಲೆ ಬಿತ್ತು. ಮೂರನೆಯದಕ್ಕೆ ಅವನು ಕೈ ಎತ್ತಲಿಲ್ಲ, ಜಡೆ ಹಿಡಿದು ಮಂಚದ ಕಬ್ಬಿಣಕ್ಕೆ ಹಣೆ ಬಡಿಸಿದ. ವಾರ್ಡಿನಲ್ಲಿ ಎದ್ದು ಕೂರಲು ಆಗುವವರೆಲ್ಲ ಎದ್ದು ಕೂತು ನೋಡುತ್ತಿದ್ದರು. ರೋಗಿಯ ಕಡೆಯವನೊಬ್ಬ ಮೊಬೈಲು ಎತ್ತಿ ಹಿಡಿದಿದ್ದ. ಅದೇ ಮಂಚದ ಮೇಲೆ ಸಂತೋಷನ ತಾಯಿ ಯಮುನಮ್ಮ ದಿಂಬಿಗೆ ಒರಗಿ, ನಾನೇ ಕಲಸಿ ಕೊಟ್ಟ ಸಕ್ಕರೆ ನೀರು ಕುಡಿಯುತ್ತಿದ್ದರು. ಹಣೆ ಬಡಿದ ರಭಸಕ್ಕೆ ಲೋಟ ತುಳುಕಿತು.

"ನಿಧಾನ ಮಾರಾಯ, ಸೀರೆ ಮೇಲೆ ಚೆಲ್ತು," ಎಂದರು ಮಗನಿಗೆ.

ತಪ್ಪು ನನ್ನದೇ. ಇಲ್ಲ ಎನ್ನುವುದಿಲ್ಲ. ಆದರೆ ಅದು ಹೇಗಾಯಿತು ಎಂದು ಅವತ್ತು ಯಾರೂ ಕೇಳಲಿಲ್ಲ, ಆದ್ದರಿಂದ ಈಗ ಹೇಳುತ್ತೇನೆ.

ಎನ್.ಆರ್. ಪುರಕ್ಕೂ ಕೊಪ್ಪಕ್ಕೂ ನಡುವೆ ರಸ್ತೆ ಬದಿಯಲ್ಲಿ ಆ ಆಸ್ಪತ್ರೆ. ಕಾಫಿ ತೋಟದ ಗೌಡರ ಮನೆಯವರು ಕಟ್ಟಿಸಿದ್ದು, ಈಗ ನೋಡಿಕೊಳ್ಳುವವನು ಅವರ ಮನೆಯ ಈಶಾನ. ಸಂತೋಷ ಅವನ ದೊಡ್ಡಮ್ಮನ ಮಗ. ಹೊರಗೆ ಬಣ್ಣದ ಬೋರ್ಡು, ಒಳಗೆ ಹೆಣ್ಣುಮಕ್ಕಳ ವಾರ್ಡಿಗೆ ಒಬ್ಬಳೇ ನರ್ಸು. ಅದು ನಾನು, ಆಸಿಫಾ. ಹೆರಿಗೆ ಕೋಣೆಗೆ ಕೇರಳದ ಅನ್ನಮ್ಮ, ನನ್ನನ್ನು ಮೋಳೇ, ಮಗಳೇ ಎನ್ನುವವರು. ಅಲ್ಲಿ ಮಗು ತಲೆ ತೋರಿಸಿದರೆ ಅನ್ನಮ್ಮ ಕೂಗುತ್ತಾರೆ, ನಾನು ವಾರ್ಡು ಬಿಟ್ಟು ಓಡಬೇಕು. ಡಾಕ್ಟರು ಬೆಳಿಗ್ಗೆ ಒಂದು ಸುತ್ತು ಬಂದು ಹೋದರೆ ಮತ್ತೆ ಫೋನಿನಲ್ಲೇ.

ಬಿಟ್ಟು ಹೋಗುವುದಕ್ಕೂ ಅಲ್ಲೊಂದು ಪದ್ಧತಿ ಇತ್ತು, ತೋಟದ ಪದ್ಧತಿ. ತೋಟದಲ್ಲಿ ಲೈನು ಮನೆಯ ಆಳು ಹೊರಟರೆ ಬದಲಿ ಆಳು ತಂದುಕೊಟ್ಟೇ ಹೊರಡಬೇಕು. ಈಶಾನ ಅದನ್ನೇ ಆಸ್ಪತ್ರೆಗೂ ತಂದಿದ್ದ. ಬದಲಿ ಬರುವ ತನಕ ನಮ್ಮ ಮಾರ್ಕ್ಸ್ ಕಾರ್ಡು, ಸರ್ಟಿಫಿಕೇಟು ಅವನ ಬೀರುವಿನಲ್ಲಿ. ಭವ್ಯ ಎಂಬ ನರ್ಸು ಹೋಗುವಾಗ ತಂದುಕೊಟ್ಟ ಬದಲಿಯೇ ನಾನು. ಗೆಳತಿ ಕೆಲಸ ಕೊಡಿಸುತ್ತಾಳೆ ಎಂದು ಖುಷಿಯಾಗಿ ಬಂದಿದ್ದೆ. ಅವಳೀಗ ಬಾಳೆಹೊನ್ನೂರಿನ ಸೀರೆ ಅಂಗಡಿಯಲ್ಲಿದ್ದಾಳೆ. ಒಮ್ಮೆ ಸಿಕ್ಕಾಗ ನನ್ನ ಮುಖ ನೋಡಲಾಗದೆ, "ಅಂಗಡೀಲಿ ಕೂರಕ್ಕೆ ಸ್ಟೂಲ್ ಕೊಡ್ತಾರೆ ಕಣೆ" ಎಂದು ಅತ್ತಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಸ್ಟೂಲಿನ ಮೇಲೆ ಹೊಟ್ಟೆಕಿಚ್ಚಾಯಿತು.

ನಾನೂ ಹೋಗುತ್ತೇನೆ ಎಂದು ಈಶಾನನಿಗೆ ಎಷ್ಟು ಸಲ ಹೇಳಿದ್ದೆನೋ. ಅವನು ಬೈಯುವವನಲ್ಲ. "ಹೋಗು ಆಸಿಫಾ, ಯಾರು ಬೇಡ ಅಂದ್ರು? ಒಬ್ಳನ್ನ ತಂದು ನಿಲ್ಸಿ ಹೋಗು," ಎನ್ನುತ್ತಿದ್ದ. ಚಿಕ್ಕಪ್ಪನ ಮಗಳು ಶಬಾನ ಆಗಷ್ಟೇ ನರ್ಸಿಂಗ್ ಮುಗಿಸಿ ಮನೆಯಲ್ಲಿ ಕೂತಿದ್ದಳು. ಅವಳಿಗೆ ನಾನು ಆಸ್ಪತ್ರೆಯ ವಿಷಯವನ್ನೇ ಎತ್ತುತ್ತಿರಲಿಲ್ಲ.

ಆ ಸಲ ಬೇಸಿಗೆಗೆ ಮಂಗನ ಕಾಯಿಲೆ ಜೋರಾಯಿತು. ಕಾಡಿಗೆ ಹೋಗಿ ದರಗು, ಒಣಗಿದೆಲೆ ಗುಡಿಸಿದವರಿಗೆಲ್ಲ ಉಣುಗು ಹುಳ ಕಚ್ಚಿ ಜ್ವರ. ಮಂಚ ತುಂಬಿ, ಮಂಚದ ಸಂದಿಯಲ್ಲಿ ಚಾಪೆ ತುಂಬಿ, ಕೊನೆಗೆ ಬಾಗಿಲವರೆಗೂ ಜನ. ಒಬ್ಬೊಬ್ಬರಿಗೂ ಅಲ್ಲಲ್ಲೇ ಮದ್ದು ತುಂಬಿ ಚುಚ್ಚುತ್ತ ಹೋದರೆ ಕತ್ತಲಾದರೂ ಮುಗಿಯದು. ಹಾಗಾಗಿ ಹಿಂದಿನವರು ಕಲಿಸಿದ ಹಾಗೆ ಬೆಳಿಗ್ಗೆಯೇ ಸಿರಿಂಜುಗಳಿಗೆಲ್ಲ ಮದ್ದು ಎಳೆದು, ಟೇಪಿನ ಮೇಲೆ ಮಂಚದ ನಂಬರು ಬರೆದು, ಟ್ರೇಯಲ್ಲಿ ಸಾಲಾಗಿ ಇಟ್ಟುಕೊಳ್ಳುತ್ತಿದ್ದೆ. ಕಾಲೇಜಿನಲ್ಲಿ ಕಲಿಸಿದ್ದು ಬೇರೆ, ಹೆಸರು ಕೇಳಿ ಮುಖ ನೋಡಿ ಕೊಡಬೇಕು ಎಂದು. ಅಲ್ಲಿ ಹೆಸರು ಕೇಳಲು ಯಾರಿಗೆ ಪುರುಸೊತ್ತು?

ಕಿಟಕಿ ಪಕ್ಕದ ಮಂಚದಲ್ಲಿ ಶಂಕರಮ್ಮ ಇದ್ದಳು. ಭಂಡಿಗಡಿ ಕಡೆಯವಳು, ಸಂತೋಷನ ತೋಟದ ಆಳು. ಅವನ ಕೊಟ್ಟಿಗೆಗೇ ದರಗು ತರಲು ಹೋಗಿ ಜ್ವರ ಹತ್ತಿಸಿಕೊಂಡಿದ್ದಳು. ಸಕ್ಕರೆ ಕಾಯಿಲೆ ಬೇರೆ. ಊಟಕ್ಕೆ ಮೊದಲು ಅವಳಿಗೆ ಇನ್ಸುಲಿನ್. ಗಂಡ ತಿಮ್ಮಪ್ಪ ಮಂಚದ ಬಳಿ ನೆಲದಲ್ಲಿ ಕೂತು ಅವಳ ಪಾದ ಒತ್ತುತ್ತಿದ್ದ.

ನಾನು ಹೆರಿಗೆ ಕೋಣೆಗೆ ಓಡಿದ್ದಾಗ ಯಮುನಮ್ಮ ಬಂದಿದ್ದಾರೆ. ಸುಸ್ತು ಎಂದು ಸಲೈನ್ ಬಾಟ್ಲಿ ಹಾಕಿಸಿಕೊಳ್ಳಲು. ಸ್ಪೆಷಲ್ ರೂಮುಗಳೂ ತುಂಬಿದ್ದವು. ಸಂತೋಷ ಕಿಟಕಿ ಪಕ್ಕದ ಮಂಚ ತೋರಿಸಿ, "ಏಯ್ ತಿಮ್ಮ, ಇವ್ಳನ್ನ ಕೆಳಗಿಳ್ಸೋ," ಎಂದಿದ್ದಾನೆ. ತಿಮ್ಮಪ್ಪ ಇಳಿಸಿದ್ದಾನೆ. ಅವನ ಅಪ್ಪನೂ ಅದೇ ತೋಟದಲ್ಲಿ ಹೀಗೆಯೇ ಇಳಿಸುತ್ತ, ಎತ್ತುತ್ತ ಸತ್ತವನು. ಯಮುನಮ್ಮನಿಗೆ ಬಾಟ್ಲಿ ಹಾಕಿದ್ದು ಕಾಂಪೌಂಡರು. ಅವನೂ ನನಗೆ ಹೇಳಲಿಲ್ಲ.

ಹೆರಿಗೆ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ವಾರ್ಡಿನ ತುಂಬ "ಸಿಸ್ಟ್ರೇ, ಸಿಸ್ಟ್ರೇ" ಎಂಬ ಕೂಗು. ಟ್ರೇ ಹಿಡಿದು ಸಾಲು ಹಿಡಿದೆ. ಕಿಟಕಿ ಮಂಚದಲ್ಲಿ ಮುಸುಕು ಹೊದ್ದು ಗೋಡೆಗೆ ಮುಖ ಮಾಡಿ ಯಾರೋ ಮಲಗಿದ್ದರು, ಕೈ ಹೊರಗಿತ್ತು. ಕೈಗೆ ಚುಚ್ಚಿದೆ. ಅದು ಬಂಗಾರದ ಬಳೆಯ ಬೆಳ್ಳನೆ ಕೈ. ಶಂಕರಮ್ಮನದು ಅಡಿಕೆ ಸುಲಿದು ಕಪ್ಪಾದ ಕೈ. ಕುರುಡರಿಗೂ ಗೊತ್ತಾಗಬೇಕಿತ್ತು, ನನಗೆ ಗೊತ್ತಾಗಲಿಲ್ಲ. ಕಣ್ಣು ನೋಡುತ್ತಿತ್ತು, ಒಳಗೆ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಯಮುನಮ್ಮ ಬೆವತರು, ತೊದಲಿದರು, ಕೈಕಾಲು ಅದುರಿತು. ಓಡಿ ಹೋಗಿ ಮುಸುಕು ತೆಗೆದಾಗಲೇ ನನಗೆ ತಿಳಿದದ್ದು. ಗ್ಲೂಕೋಸ್ ಒಡೆದು ನರಕ್ಕೆ ತಳ್ಳಿದೆ. ಕಣ್ಣು ಬಿಟ್ಟ ಮೇಲೆ ಸಕ್ಕರೆ ನೀರು ಕಲಸಿ ಕೊಟ್ಟೆ. "ತಪ್ಪಾಯ್ತು ಅಮ್ಮ, ಬೇರೆಯವ್ರ ಇಂಜೆಕ್ಷನ್ ನಿಮಗೆ ಬಿತ್ತು," ಎಂದು ನಾನೇ ಬಾಯಿಬಿಟ್ಟು ಹೇಳಿದೆ. ಆಗ ಬಿದ್ದ ಏಟು ಅದು.

ಜಡೆ ಹಿಡಿದೇ ಸಂತೋಷ ನನ್ನನ್ನು ಈಶಾನನ ಕೋಣೆಗೆ ಎಳೆದೊಯ್ದ. ಹಾದಿಯಲ್ಲಿ ನೆಲದ ಮೇಲೆ ಶಂಕರಮ್ಮ ಕಂಡಳು. ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಈ ಜ್ವರದಲ್ಲಿ ಅದು ಒಳ್ಳೆಯ ಲಕ್ಷಣವಲ್ಲ. "ಗೌಡ್ರೇ, ಅವಳನ್ನ ಒಂದ್ಸಲ ನೋಡ್ಬಿಟ್ಟು ಬರ್ತೀನಿ," ಎಂದೆ.

"ಮೊದ್ಲು ನಿನ್ನ ನೋಡ್ಕಳಾಣ ಬಾ."

ಈಶಾನ ಮೇಜಿನ ಹಿಂದೆ ಕೂತಿದ್ದ. ಏಸಿ ತಣ್ಣಗಿತ್ತು. ನನ್ನ ಹಣೆಯಿಂದ ಇಳಿಯುತ್ತಿದ್ದ ರಕ್ತ ನೋಡಿ ಟಿಶ್ಶೂ ಡಬ್ಬಿಯನ್ನು ನನ್ನ ಕಡೆ ತಳ್ಳಿದ.

"ನೋಡು ಆಸಿಫಾ, ಪೊಲೀಸು ಗೀಲೀಸು ಅಂತ ಹೋಗೋನಲ್ಲ ನಾನು. ನಿಮ್ಮಪ್ಪ ಜಲಾಲುದ್ದೀನ್ ಸಾಬ್ರು ಮರ್ಯಾದಸ್ಥರು. ಸಂತೂಗೆ ಸಿಟ್ಟು ಇಳೀಬೇಕಷ್ಟೆ. ಕಾಲು ಹಿಡ್ದು ತಪ್ಪಾಯ್ತು ಅನ್ನು, ಮುಗೀತು."

"ಒಬ್ಳೇ ಇದ್ದೆ ಸರ್. ಇನ್ನೊಬ್ರನ್ನ ಹಾಕಿ ಅಂತ ಎಷ್ಟು ಸಲ..."

"ಕಾಲು," ಎಂದ ಸಂತೋಷ, ಕುರ್ಚಿಯಲ್ಲಿ ಕೂತು ಬೂಟು ಮುಂದೆ ಚಾಚಿ.

ಬಗ್ಗಿದೆ. ಬೇಗ ಮುಗಿದರೆ ಬೇಗ ವಾರ್ಡಿಗೆ ಹೋಗಬಹುದು ಎಂದು ಬಗ್ಗಿದೆ. ಕೈ ತಾಗಿಸುತ್ತಿದ್ದ ಹಾಗೆ ಅವನು ಬೂಟು ಎತ್ತಿ ನನ್ನ ಬೆರಳುಗಳ ಮೇಲಿಟ್ಟು ಒತ್ತಿದ. ಕಿರುಬೆರಳು ಲಟಕ್ಕೆಂದಿತು. ನಾನು ಕಿರುಚಿದ್ದಕ್ಕೂ ಬಾಗಿಲು ಬಡಿದದ್ದಕ್ಕೂ ಸರಿಹೋಯಿತು.

ತಿಮ್ಮಪ್ಪ. "ಸಿಸ್ಟ್ರೇ, ಒಂಚೂರು ಬನ್ನಿ. ಇವ್ಳು ರಕ್ತ ಕಾರ್ತಿದಾಳೆ."

ಎದ್ದೆ. ಸಂತೋಷ ನನ್ನ ಭುಜ ಹಿಡಿದು ಗೋಡೆಗೆ ನೂಕಿ, ಬಾಗಿಲು ತೆರೆದು ತಿಮ್ಮಪ್ಪನ ಎದೆಗೆ ಒದ್ದ. "ಹೊತ್ತುಗೊತ್ತು ಇಲ್ಲೇನಾ ಬೇವರ್ಸಿ? ಇಲ್ಲಿ ಮಾತಾಡ್ತಿರದು ಕಾಣದಿಲ್ವ?"

ಬಾಗಿಲು ಹಾಕಿ ಚಿಲಕ ಎಳೆದ.

"ಅವಳನ್ನ ಮಗ್ಗುಲಿಗೆ ಮಲಗಿಸಿ!" ಎಂದು ಕೂಗಿದೆ. ಸಂತೋಷನ ಅಂಗೈ ನನ್ನ ಬಾಯಿ ಮುಚ್ಚಿತು.

"ಒಂದೈದು ನಿಮಿಷಕ್ಕೆ ಎಂತ ಆಗದಿಲ್ಲ," ಎಂದ ಈಶಾನ. "ನಿಂಗೆ ಹೋಗ್ಬೇಕು ತಾನೆ? ಇವತ್ತೇ ಬಿಡ್ತೀನಿ. ನಿನ್ನ ಚಿಕ್ಕಪ್ಪನ ಮಗಳು ಇದಾಳಂತಲ್ಲ, ಶಬಾನ. ನಾಳೆ ಬೆಳಿಗ್ಗೆ ಕರ್ಕೊಂಡು ಬಾ, ನಿನ್ನ ಸರ್ಟಿಫಿಕೇಟ್ ತಗೊಂಡು ಹೋಗು. ಎಂತ ಹೇಳ್ತಿ?"

ಬಾಗಿಲು ಬಡಿಯುತ್ತಲೇ ಇತ್ತು. "ಸಿಸ್ಟ್ರೇ... ಗೌಡ್ರೇ ನಿಮ್ ಕಾಲಿಗೆ ಬೀಳ್ತೆ... ಸಿಸ್ಟ್ರೇ..."

"ತರ್ತೀನಿ," ಎಂದೆ.

ಹೊರಗೆ ಓಡುವುದಕ್ಕೆ ಹಾಗೆ ಹೇಳಿದೆ ಎಂದು ಹೇಳಿಕೊಳ್ಳಬಹುದಿತ್ತು. ಸುಳ್ಳು. ಆ ಕ್ಷಣಕ್ಕೆ ಮನಸಾರೆ ಒಪ್ಪಿದ್ದೆ. ಶಬಾನಳ ಜಡೆ ಸಂತೋಷನ ಕೈಗೆ ಕೊಟ್ಟು ನಾನೊಂದು ಸ್ಟೂಲಿನ ಮೇಲೆ ಕೂರುವುದು ಕಣ್ಣೆದುರು ಬಂದು, ಹಾಯೆನಿಸಿತು. ಥೂ ನನ್ನ ಜನ್ಮಕ್ಕೆ.

ಬಾಗಿಲು ಬಡಿಯುವುದು ನಿಂತಿತ್ತು. ಸಂತೋಷ ಚಿಲಕ ತೆಗೆದ, ವಾರ್ಡಿಗೆ ಓಡಿದೆ.

ಶಂಕರಮ್ಮ ಅಂಗಾತ ಮಲಗಿದ್ದಳು. ತಿಮ್ಮಪ್ಪನಿಗೆ ನನ್ನ ಕೂಗು ಕೇಳಿಸಿರಲಿಲ್ಲ. ತಲೆಯಡಿಗೆ ತನ್ನ ಅಂಗಿ ಮಡಿಸಿ ಇಟ್ಟು, ಟವೆಲಿನಿಂದ ಬಾಯಿ ಒರೆಸುತ್ತಿದ್ದ, ಒರೆಸಿದಷ್ಟೂ ತುಂಬುತ್ತಿತ್ತು. ಮಗ್ಗುಲಿಗೆ ಹೊರಳಿಸಿದೆ. ಬೊಗಸೆ ರಕ್ತ ನೆಲಕ್ಕೆ ಬಿತ್ತು. ಉಸಿರಿರಲಿಲ್ಲ. ಅಂಗಾತ ಮಾಡಿ ಮುರಿದ ಬೆರಳಿನಲ್ಲೇ ಎದೆ ಒತ್ತಿದೆ, ಒತ್ತಿದೆ. ಅನ್ನಮ್ಮ ಹೆರಿಗೆ ಕೋಣೆಯಿಂದ ಗ್ಲೌಸಿನಲ್ಲೇ ಓಡಿ ಬಂದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು.

"ಬಿಡು ಮೋಳೇ. ಹೋಗಿ ಆಗಿದೆ."

ಕಿಟಕಿ ಕಡೆಯಿಂದ ಯಮುನಮ್ಮನ ದನಿ ಬಂತು. "ಆ ಹುಡುಗಿ ಬಂದ್ಳನಾ? ಇನ್ನೊಂಚೂರು ಸಕ್ರೆ ನೀರು ಬೇಕಿತ್ತು."

ಶಂಕರಮ್ಮನಿಗಾಗಿ ಯಾರೂ ಯಾರ ಜಡೆಯನ್ನೂ ಹಿಡಿಯಲಿಲ್ಲ. ಮೊಬೈಲಿನವನೂ ಮೊಬೈಲು ಕೆಳಗಿಟ್ಟಿದ್ದ. ತಿಮ್ಮಪ್ಪನ ಮುಂದೆ ಮಂಡಿಯೂರಿ ಕೂತೆ.

"ಹೊಡೀರಿ ನಂಗೆ. ಅವ್ರಮ್ಮ ಬದುಕಿದ್ದಕ್ಕೇ ಅಷ್ಟು ಹೊಡೆದ್ರು. ನಿಮ್ಮ ಹೆಂಡ್ತಿ ಸತ್ತಿದಾಳೆ. ಹೊಡೀರಿ!"

ತಿಮ್ಮಪ್ಪ ಕೈ ಎತ್ತಿದ. ನಾನು ಕಣ್ಣು ಮುಚ್ಚಲಿಲ್ಲ. ಅವನು ನನ್ನ ಹಣೆಯ ರಕ್ತ ಅದೇ ಟವೆಲಿನಿಂದ ಒರೆಸಿದ.

"ನಿಂಗೆ ಹೊಡ್ದು ಎಂತ ಮಾಡ್ಲಿ ಕೂಸೆ? ನೀ ಬರಕ್ಕೆ ಎದ್ದಿದ್ದೆ. ಬಾಗ್ಲು ತೆಗ್ದಾಗ ನಾ ಕಂಡಿದೀನಿ."

ಅವನು ಎದ್ದು ನಿಂತ. ಹೆಂಡತಿಯ ತಲೆಯ ಬಳಿ ನಿಂತಿದ್ದ ಬಾಟ್ಲಿ ಸ್ಟ್ಯಾಂಡಿನಿಂದ ಬಾಟ್ಲಿ ಕಳಚಿ ನನ್ನ ಕೈಗೆ ಕೊಟ್ಟ. ಕಾಲು ಕೊಟ್ಟು ಒತ್ತಿ ಕಬ್ಬಿಣದ ಸರಳನ್ನು ಬುಡದಿಂದ ತಿರುಪಿ ಕಿತ್ತ. ಮರ ಏರಿ ಏರಿ ಗಟ್ಟಿಯಾದ ತೋಳು. ಅವಸರವಿಲ್ಲದೆ ಈಶಾನನ ಕೋಣೆಯ ಕಡೆ ನಡೆದ.

"ಆಸಿಫಾ, ಹಿಡಿ ಅವನ್ನ!" ಎಂದರು ಅನ್ನಮ್ಮ.

ಹಿಂದೆಯೇ ಓಡಿದೆ. ಅವನು ಬಾಗಿಲು ತಳ್ಳಿ ಒಳಗೆ ಹೋದಾಗ ಸಂತೋಷ ಫೋನಿನಲ್ಲಿ ನಗುತ್ತಿದ್ದ. ನಗು ಅರ್ಧಕ್ಕೆ ನಿಂತಿತು. "ಎಂತದಾ ತಿಮ್ಮ, ಎಂತ ಅದು ಕೈಯ್ಯಲ್ಲಿ?" ಎಂದಷ್ಟೇ ಕೇಳಿಸಿತು. ಆಮೇಲೆ ಕಬ್ಬಿಣ ಮೂಳೆಗೆ ಬಿದ್ದ ಸದ್ದು.

ಮೊದಲು ಔಷಧಿ ಇಡುತ್ತಿದ್ದ ಕೋಣೆ ಅದು. ಬಾಗಿಲಿಗೆ ಹೊರಗಿನಿಂದಲೂ ಚಿಲಕ ಇತ್ತು. ನಾನು ಬಾಗಿಲು ಎಳೆದು ಚಿಲಕ ಹಾಕಿದೆ.

ಒಳಗೆ ಗಾಜು ಒಡೆಯಿತು. ಕುರ್ಚಿ ಬಿತ್ತು. ಸಂತೋಷ ತಾಯಿಯನ್ನು ಕರೆದ, ಆಮೇಲೆ ಕರೆಯಲಿಲ್ಲ. ಯಾರೋ ಬಾಗಿಲಿಗೆ ಬಂದು ಬಿದ್ದರು, ಉಗುರಿನಿಂದ ಕೆರೆದರು.

"ಸಿಸ್ಟರ್! ಬಾಗ್ಲು ತೆಗಿ ಸಿಸ್ಟರ್! ರಕ್ತ ಬರ್ತಿದೆ!" ಈಶಾನನ ದನಿ. ಅಷ್ಟು ದಿನದಲ್ಲಿ ಅವನು ನನ್ನನ್ನು ಸಿಸ್ಟರ್ ಎಂದು ಕರೆದದ್ದು ಅದೇ ಮೊದಲು.

ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಒಳಗಿನ ಪ್ರತಿ ಏಟೂ ಹಲಗೆ ದಾಟಿ ನನ್ನ ಬೆನ್ನಿಗೆ ತಾಗುತ್ತಿತ್ತು. ಎದುರಿಗೆ ಅನ್ನಮ್ಮ, ಗ್ಲೌಸಿನ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದರು.

"ಸಿಸ್ಟರ್ ಕೆಲ್ಸ ಬಿಟ್ಟು ಹೋದ್ಲು ಸರ್," ಎಂದೆ. "ಬದಲಿಗೆ ಯಾರೂ ಬರಲ್ಲ."